ಮಣಿಪಾಲ ಹೇಗಿದೆ ಅಂತ ಕೇಳಬೇಡಿ, ಹೀಗೆ ಕೇಳಿ

ಪ್ರತಿ ವರ್ಷ ಪಿಯು ಫಲಿತಾಂಶ ಬಂದ ವಾರ ರಾಣೆಬೆನ್ನೂರಿನಿಂದ ನನಗೆ ಫೋನ್ ಬರಲು ಶುರುವಾಗುತ್ತದೆ. ಅತ್ತೆಯ ಮಗಳು, ಅಪ್ಪನ ಗೆಳೆಯರ ಮಗ, ನಾನು ಓದಿದ ಹೈಸ್ಕೂಲಿನ ಹುಡುಗರು. ಎಲ್ಲರದ್ದೂ ಒಂದೇ ಮಾತು: "ಅಕ್ಕಾ, ಮಣಿಪಾಲ ಹೆಂಗೈತಿ?" ಮೊದಲೆಲ್ಲ "ಛಲೋ ಐತಿ, ಬಾ" ಅಂದುಬಿಡುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಆ ಉತ್ತರ ನಂಬಿ ಯಾರಾದರೂ ನಾಲ್ಕು ವರ್ಷ ಕಳೆಯಬೇಕಲ್ವಾ?

ಸೇರುವ ಮುಂಚೆ ನಾನೂ ಇಬ್ಬರನ್ನು ಹಾಗೇ ಕೇಳಿದ್ದೆ. ಒಬ್ಬ "ಸ್ವರ್ಗ" ಅಂದ. ಇನ್ನೊಬ್ಬಳು "ದುಡ್ಡು ದಂಡ, ಬರಬೇಡ" ಅಂದಳು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಅವನು ಎಂಜಿನಿಯರಿಂಗ್ ಮೂರನೇ ವರ್ಷ, ಕೈಯಲ್ಲಿ ಬೈಕ್ ಇತ್ತು, ನಾನು ಕೇಳಿದ್ದು ಫೆಬ್ರವರಿಯಲ್ಲಿ. ಅವಳು ನರ್ಸಿಂಗ್ ಮೊದಲ ವರ್ಷ, ಮನೆ ಬಿಟ್ಟು ಮೂರು ವಾರವಾಗಿತ್ತು, ಹೊರಗೆ ಆಗಸ್ಟ್ ತಿಂಗಳ ಮಳೆ, ಮೈಯಲ್ಲಿ ಜ್ವರ. ನಾನು ಕೇಳಿಸಿಕೊಂಡಿದ್ದು ಮಣಿಪಾಲದ ಸುದ್ದಿಯಲ್ಲ, ಅವರಿಬ್ಬರ ಆ ದಿನದ ಸುದ್ದಿ.

ನಾನು ಇಲ್ಲಿ ನಾಲ್ಕು ವರ್ಷ ಮೆಡಿಕಲ್ ಇಮೇಜಿಂಗ್ ಓದಿದೆ. ಈಗ ಎಕ್ಸ್‌ರೇ ವಿಭಾಗದಲ್ಲಿ ಕೆಲಸದಲ್ಲಿದ್ದೇನೆ. ನನ್ನ ತಮ್ಮನ ಸರದಿ ಬಂದಾಗ ಅವನಿಗೆ ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು, ಏನು ಕೇಳಬೇಕು ಅಂತ ಕೂರಿಸಿ ಹೇಳಿಕೊಟ್ಟೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾರನ್ನು ಕೇಳಬೇಕು

ಮೊದಲು ಒಂದು ವಿಷಯ ತಿಳಿದುಕೊಳ್ಳಿ. "ನಾನು ಮಣಿಪಾಲದಲ್ಲಿ ಓದಿದೆ" ಅನ್ನುವವರೆಲ್ಲ ಉಡುಪಿ ಪಕ್ಕದ ಈ ಗುಡ್ಡದ ಮೇಲೆ ಓದಿರುವುದಿಲ್ಲ. ಮಣಿಪಾಲ ವಿಶ್ವವಿದ್ಯಾಲಯದ ಕ್ಯಾಂಪಸ್ ಮಂಗಳೂರಿನಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ದುಬೈನಲ್ಲೂ ಉಂಟು. ಜೈಪುರದ್ದು ಬೇರೆಯೇ ವಿಶ್ವವಿದ್ಯಾಲಯ. ಹಾಗಾಗಿ ಮೊದಲ ಪ್ರಶ್ನೆ: "ನೀವು ಓದಿದ್ದು ಯಾವ ಊರಿನ ಕ್ಯಾಂಪಸ್?"

ಎರಡನೆಯದು, ಈ ಗುಡ್ಡದ ಮೇಲೂ ಇರುವುದು ಒಂದೇ ಕಾಲೇಜಲ್ಲ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದರು. 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ಆಮೇಲೆ ಒಂದೊಂದಾಗಿ ಸೇರುತ್ತಾ ಹೋಗಿ 1993ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿತು. ಈಗ ನರ್ಸಿಂಗ್, ಫಾರ್ಮಸಿ, ಹೋಟೆಲ್ ಮ್ಯಾನೇಜ್‌ಮೆಂಟ್, ಪತ್ರಿಕೋದ್ಯಮ, ಆರ್ಕಿಟೆಕ್ಚರ್ ಎಲ್ಲ ಇದೆ. ಪಕ್ಕಪಕ್ಕದ ಕೋಣೆಯಲ್ಲಿದ್ದರೂ ಇವರ ಗಡಿಯಾರ ಬೇರೆ ಬೇರೆ. ನಾನು ಆಸ್ಪತ್ರೆ ಪೋಸ್ಟಿಂಗ್‌ಗೆ, ಅಂದರೆ ಅಲ್ಲಿ ಕೆಲಸ ಕಲಿಯುವ ಸರದಿಗೆ, ಬೆಳಿಗ್ಗೆ ಏಪ್ರನ್ ಹಾಕಿಕೊಂಡು ಹೊರಡುವಾಗ ಎಂಜಿನಿಯರಿಂಗ್ ಓದುವ ನನ್ನ ರೂಮ್‌ಮೇಟ್ ಆಗಷ್ಟೇ ಮಲಗಿರುತ್ತಿದ್ದಳು. ಅವಳ ಅನುಭವ ಕೇಳಿಕೊಂಡು ನೀವು ಫಿಸಿಯೋಥೆರಪಿ ಸೇರಿದರೆ ಮೋಸ ಹೋಗುತ್ತೀರಿ.

ಮೂರು ಜನರನ್ನು ಹುಡುಕಿ. ನಿಮ್ಮದೇ ಕೋರ್ಸಿನ ಎರಡನೇ ವರ್ಷದವರು ಒಬ್ಬರು. ಮೊದಲ ವರ್ಷದ ನೆನಪು ಅವರಿಗಿನ್ನೂ ಹಸಿಯಾಗಿರುತ್ತದೆ, ಆದರೆ ಅಳು ನಿಂತಿರುತ್ತದೆ. ಅದೇ ಕೋರ್ಸ್ ಮುಗಿಸಿ ಕೆಲಸಕ್ಕೆ ಸೇರಿದವರು ಇನ್ನೊಬ್ಬರು. ಮೂರನೆಯವರು ನಿಮ್ಮಂಥ ಊರಿನವರು, ಅಂದರೆ ನಿಮ್ಮಷ್ಟೇ ದೊಡ್ಡ ಊರಿಂದ, ನಿಮ್ಮಂಥ ಶಾಲೆಯಿಂದ ಬಂದವರು. ಬೆಂಗಳೂರಿನ ನನ್ನ ಕ್ಲಾಸ್‌ಮೇಟ್ ನಾಲ್ಕು ವರ್ಷವೂ "ಇಲ್ಲಿ ಏನೂ ಇಲ್ಲ, ಬೋರು" ಅನ್ನುತ್ತಿದ್ದಳು. ನನಗಾದರೆ ಎಂಡ್ ಪಾಯಿಂಟ್‌ನಲ್ಲಿ ನಿಂತು ಕೆಳಗೆ ಸ್ವರ್ಣಾ ನದಿ ನೋಡುವುದೇ ಸಾಕಾಗುತ್ತಿತ್ತು. ಊರು ಒಂದೇ, ಕಣ್ಣು ಬೇರೆ.

ಯಾವಾಗ ಕೇಳಬೇಕು

ಜುಲೈನಲ್ಲಿ ಬನ್ನಿ. ಇದು ನನ್ನ ಗಟ್ಟಿ ಅಭಿಪ್ರಾಯ. ಹೆಚ್ಚಿನವರು ಏಪ್ರಿಲ್, ಮೇ ತಿಂಗಳಲ್ಲಿ ಅಪ್ಪ ಅಮ್ಮನ ಜೊತೆ ಬರುತ್ತಾರೆ. ಕಟ್ಟಡ ನೋಡುತ್ತಾರೆ, ಮಲ್ಪೆ ಬೀಚಿಗೆ ಹೋಗುತ್ತಾರೆ, ಕೃಷ್ಣ ಮಠದಲ್ಲಿ ದರ್ಶನ ಮಾಡಿ ಊಟ ಮುಗಿಸಿ ವಾಪಸ್ ಹೊರಡುತ್ತಾರೆ. ಆಗ ಎಲ್ಲವೂ ಚೆಂದವೇ. ಆದರೆ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಳುವ ಮಳೆ ನಮ್ಮ ಬಯಲುಸೀಮೆಯವರ ಲೆಕ್ಕಕ್ಕೆ ಸಿಗುವಂಥದ್ದಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್. ಆ ನಾಲ್ಕು ತಿಂಗಳು ಒಗ್ಗಿದರೆ ಉಳಿದ ಎಂಟು ತಿಂಗಳು ತಾನಾಗಿ ಒಗ್ಗುತ್ತದೆ.

ಅಡ್ಮಿಷನ್ ಸಮಯಕ್ಕೆ ಆ ಜುಲೈ ಕೈತಪ್ಪಿರುತ್ತದೆ ಅಂತೀರಾ? ಹೌದು. ಅದಕ್ಕೇ ಸೆಕೆಂಡ್ ಪಿಯು ಶುರುವಾದ ವರ್ಷವೇ ಬರಬೇಕು. ತಮ್ಮ ಬಂದಿದ್ದೂ ಹಾಗೇ, ಎರಡು ದಿನ ಕ್ಲಾಸು ತಪ್ಪಿಸಿ. ಮೂರು ಮಡಿಕೆಯ ಚಿಕ್ಕ ಕೊಡೆ ತಂದಿದ್ದ. ಗುಡ್ಡದ ಮೇಲಿನ ಗಾಳಿಗೆ ಮಣಿಪಾಲದ ಮುಖ್ಯ ವೃತ್ತವಾದ ಟೈಗರ್ ಸರ್ಕಲ್‌ನಲ್ಲಿ ಅದು ತಿರುವುಮುರುವಾಗಿ ಕಡ್ಡಿ ಎರಡು ಮುರಿದವು. ಉದ್ದ ಕೋಲಿನ ಕೊಡೆ ಕೊಡಿಸಿದೆ.

ಪರೀಕ್ಷೆಯ ವಾರದಲ್ಲಿ ಮಾತ್ರ ಯಾರನ್ನೂ ಕೇಳಬೇಡಿ. ಆಗ ಎಲ್ಲರ ಬಾಯಲ್ಲೂ ಕಹಿ.

ಏನು ಕೇಳಬೇಕು

"ಹೇಗಿದೆ", "ಚೆನ್ನಾಗಿದೆಯಾ", "ಸೇರಬಹುದಾ" ಈ ಮೂರನ್ನು ಬಿಟ್ಟುಬಿಡಿ. ಅಭಿಪ್ರಾಯ ಕೇಳಿದರೆ ಜನ ಅಭಿಪ್ರಾಯ ಕೊಡುತ್ತಾರೆ. ನಿನ್ನೆಯ ದಿನ ಕೇಳಿದರೆ ನಿಜ ಕೊಡುತ್ತಾರೆ.

ನಿನ್ನೆ ರಾತ್ರಿ ಏನು ಊಟ ಮಾಡಿದಿರಿ? ಇದರಿಂದ ಶುರು ಮಾಡಿ. ದೇಶದ ಎಲ್ಲ ಕಡೆಯ ಮಕ್ಕಳಿರುವುದರಿಂದ ಮೆಸ್‌ನಲ್ಲಿ ಪನ್ನೀರ್, ರಾಜ್ಮಾ ಜಾಸ್ತಿ. ಹೊರಗೆ ಸಣ್ಣ ಹೋಟೆಲಿಗೆ ಹೋದರೆ ಕುಚ್ಚಲಕ್ಕಿ ಅನ್ನ, ತೆಂಗಿನೆಣ್ಣೆಯ ಒಗ್ಗರಣೆ. ಮೊದಲ ಸಲ ಆ ದಪ್ಪ ಅನ್ನ ನೋಡಿ ಬೆಂದಿಲ್ಲ ಅಂದುಕೊಂಡಿದ್ದೆ. ಈಗ ಜ್ವರ ಬಂದರೆ ನನಗೆ ಅದರ ಗಂಜಿಯೇ ಬೇಕು. ಸಂಜೆ ನಾಲ್ಕರ ಬಿಸಿ ಗೋಳಿಬಜೆ ಬಗ್ಗೆ ಯಾರನ್ನೂ ಕೇಳುವ ಅಗತ್ಯವಿಲ್ಲ, ತಿಂದೇ ನೋಡಿ. ಒಂದು ಕಿವಿಮಾತು: ಅಮ್ಮ ಕಟ್ಟಿಕೊಡುವ ಖಡಕ್ ರೊಟ್ಟಿ ಮಳೆಗಾಲದಲ್ಲಿ ಇಲ್ಲಿ ಖಡಕ್ ಆಗಿ ಉಳಿಯುವುದಿಲ್ಲ. ಬಟ್ಟೆಯಲ್ಲಿ ಕಟ್ಟಿಟ್ಟ ನನ್ನ ಮೊದಲ ಇಪ್ಪತ್ತು ರೊಟ್ಟಿ ಒಂದು ವಾರಕ್ಕೇ ಮೆತ್ತಗಾಗಿ ಬೂಸ್ಟು ಹಿಡಿದವು. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ತನ್ನಿ. ಶೇಂಗಾ ಚಟ್ನಿಗೂ ಅಷ್ಟೇ.

ಒಗೆದ ಬಟ್ಟೆ ಎಲ್ಲಿ ಒಣಗಿಸಿದಿರಿ? ಇದು ನನ್ನ ಮೆಚ್ಚಿನ ಪ್ರಶ್ನೆ. ಒಂದು ಹಾಸ್ಟೆಲ್ ಅಥವಾ ಪಿಜಿಯ ಗಾಳಿ, ಬೆಳಕು, ಜಾಗ, ಕರೆಂಟು, ನೋಡಿಕೊಳ್ಳುವವರ ಮನಸ್ಸು, ಎಲ್ಲ ಈ ಒಂದು ಉತ್ತರದಲ್ಲಿ ಸಿಗುತ್ತದೆ. "ಫ್ಯಾನಿನ ಕೆಳಗೆ, ಮೂರು ದಿನ" ಅಂದರೆ ಆ ಕೋಣೆಯಲ್ಲಿ ಕಿಟಕಿ ತೆರೆಯುವಂತಿಲ್ಲ ಅಂತ ತಿಳಿಯಿರಿ. ನಾನು ಎರಡನೇ ವರ್ಷ ಇದ್ದ ಪಿಜಿಯಲ್ಲಿ ಖಾಲಿ ಮಾಡುವಾಗ ಅಡ್ವಾನ್ಸ್ ವಾಪಸ್ ಕೊಡಲಿಲ್ಲ. ಗೋಡೆ ಕಪ್ಪಾಗಿದೆ, ಬಣ್ಣ ಹೊಡೆಸಬೇಕು ಅಂದರು. ಆ ಗೋಡೆ ನಾನು ಸೇರುವಾಗಲೇ ಕಪ್ಪಾಗಿತ್ತು, ಆದರೆ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಅಪ್ಪ ಕಷ್ಟಪಟ್ಟು ಕೊಟ್ಟ ದುಡ್ಡು, ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಸೇರಿದ ದಿನವೇ ನಾಲ್ಕೂ ಗೋಡೆಯ ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿ. ತಾರೀಖು ಅದರಲ್ಲೇ ಬಂದಿರುತ್ತದೆ.

ಕಳೆದ ತಿಂಗಳು ಫೀಸು ಬಿಟ್ಟು ಕೈಯಿಂದ ಎಷ್ಟು ಹೋಯಿತು? ಫೀಸಿನ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಜೆರಾಕ್ಸ್, ರೆಕಾರ್ಡ್ ಪುಸ್ತಕ, ರಾತ್ರಿ ಹನ್ನೊಂದರ ಮ್ಯಾಗಿ, ಗೆಳತಿಯ ಹುಟ್ಟುಹಬ್ಬ, ಊರಿಗೆ ಹೋಗುವ ಬಸ್ಸು, ಇವು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅಂದಾಜು ಕೇಳಬೇಡಿ, ಫೋನಿನಲ್ಲಿ ದುಡ್ಡು ಕಳಿಸಿದ ಲೆಕ್ಕ ನೋಡಿ ಹೇಳಲು ಕೇಳಿ. ಸಾಲ ಮಾಡಿ ಓದುತ್ತಿರುವವರು ಸಿಕ್ಕರೆ ಬಿಡಬೇಡಿ: ಯಾವ ಬ್ಯಾಂಕು, ಎಷ್ಟು ದಿನ ಹಿಡಿಯಿತು, ಯಾವ ಕಾಗದಕ್ಕೆ ಅಲೆಸಿದರು ಅಂತ ಕೇಳಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷ ರೂಪಾಯಿವರೆಗೆ ಆಸ್ತಿ ಅಡವು ಬೇಕಿಲ್ಲ. ಇದು ಗೊತ್ತಿಲ್ಲದೆ ಹೊಲದ ಪತ್ರ ಹಿಡಿದುಕೊಂಡು ಹೋದವರನ್ನು ನಾನು ನೋಡಿದ್ದೇನೆ.

ಹುಷಾರಿಲ್ಲದಾಗ ಯಾರು ಬಂದರು? ಈ ಪ್ರಶ್ನೆ ಕೇಳಿ ಸುಮ್ನೆ ಕಾಯಿರಿ. ಆಸ್ಪತ್ರೆ ಹತ್ತಿರವೇ ಇದೆ, ಅದು ವಿಷಯವಲ್ಲ. ರಾತ್ರಿ ಎರಡಕ್ಕೆ ನಿಮ್ಮ ಜೊತೆ ನಡೆದು ಬಂದವರು ಯಾರು ಅನ್ನುವುದು ವಿಷಯ. ನನಗೆ ಬಂದವಳು ಜಾರ್ಖಂಡಿನ ಹುಡುಗಿ. ಆಗ ನನಗೆ ಹಿಂದಿ ಬರುತ್ತಿರಲಿಲ್ಲ, ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಬೆಳಗಾಗುವವರೆಗೆ ನನ್ನ ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳು.

ಅಪ್ಪ ಅಮ್ಮಂದಿರು ರ್‍ಯಾಗಿಂಗ್ ಬಗ್ಗೆ ಕೇಳಿಯೇ ಕೇಳುತ್ತಾರೆ. ಯುಜಿಸಿಯ ಸಹಾಯವಾಣಿ 1800-180-5522, ದಿನದ 24 ಗಂಟೆಯೂ ಇರುತ್ತದೆ. ಹೋಗುವ ಮುಂಚೆಯೇ ಫೋನಿನಲ್ಲಿ ಉಳಿಸಿಕೊಳ್ಳಿ.

ಭಾಷೆಯ ಪ್ರಶ್ನೆ

ಕನ್ನಡ ಮಾಧ್ಯಮದಿಂದ ಬಂದವರು ಇದನ್ನು ಕೇಳಲು ನಾಚುತ್ತಾರೆ. ನಾಚಬೇಡಿ. "ಕ್ಲಾಸಿನಲ್ಲಿ ಮೊದಲ ಸಲ ಎದ್ದು ನಿಂತು ಪ್ರಶ್ನೆ ಕೇಳಿದ್ದು ಯಾವ ತಿಂಗಳಲ್ಲಿ?" ಅಂತ ಕೇಳಿ. ನನ್ನದು ಡಿಸೆಂಬರ್. ಅಲ್ಲಿಯವರೆಗೆ ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಕ್ಯಾಂಪಸ್ಸಿನ ಒಳಗೆ ಇಂಗ್ಲಿಷ್, ಹಿಂದಿ. ಗೇಟು ದಾಟಿದರೆ ತುಳು, ಕೊಂಕಣಿ, ಮತ್ತೆ "ಎಂತ ಮಾರಾಯ್ತಿ, ಊಟ ಆಯ್ತಾ?" ಅನ್ನುವ ಕನ್ನಡ. ಮೊದಲ ತಿಂಗಳು ನಮ್ಮ ಕನ್ನಡವೇ ಇಲ್ಲಿ ಬೇರೆ ಭಾಷೆ ಅನ್ನಿಸಿತ್ತು.

ಎರಡನೇ ವರ್ಷ ಎಕ್ಸ್‌ರೇ ಪೋಸ್ಟಿಂಗ್. ಹಿರೇಕೆರೂರು ಕಡೆಯ ಅಜ್ಜ ಒಬ್ಬರು ಎದೆಯ ಎಕ್ಸ್‌ರೇಗೆ ಬಂದಿದ್ದರು. ಎದೆಯ ಚಿತ್ರ ಸರಿಯಾಗಿ ಬರಬೇಕಾದರೆ ಉಸಿರು ಪೂರ್ತಿ ಎಳೆದು ಹಿಡಿದುಕೊಳ್ಳಬೇಕು. ಇಲ್ಲದಿದ್ದರೆ ಮಸುಕಾಗುತ್ತದೆ, ಮತ್ತೆ ತೆಗೆಯಬೇಕು, ಅವರಿಗೆ ಇನ್ನೊಂದು ಸಲ ವಿಕಿರಣ. ನನ್ನ ಸಹಪಾಠಿ ಹಿಂದಿಯಲ್ಲಿ ಹೇಳಿದ, ಇಂಗ್ಲಿಷಿನಲ್ಲಿ ಹೇಳಿದ, ತಾನೇ ಎದೆ ಉಬ್ಬಿಸಿ ತೋರಿಸಿದ. ಅಜ್ಜ ಹೆದರಿ ಇನ್ನಷ್ಟು ಜೋರಾಗಿ ಉಸಿರಾಡಿದರು. ನಾನು ಹತ್ತಿರ ಹೋಗಿ, "ಯಜ್ಜಾರ, ಉಸುರು ಒಳಗ ಎಳಕೋರಿ, ಹಂಗ ಗಟ್ಟಿ ಹಿಡ್ಕೊಂಡು ನಿಂದರ್ರಿ" ಅಂದೆ. ತಿರುಗಿ ನನ್ನ ಮುಖ ನೋಡಿ, "ಯಾವೂರ ನಿಂದು ತಂಗಿ?" ಅಂದರು. ಊರು ಹೇಳಿದೆ. ಉಸಿರು ಹಿಡಿದು ಕಲ್ಲಿನಂತೆ ನಿಂತರು. ಒಂದೇ ಸಲಕ್ಕೆ ಚಿತ್ರ ಬಂತು. ಅವತ್ತಿನಿಂದ ಇಡೀ ಬ್ಯಾಚು ಆ ವಾಕ್ಯ ಬರೆದುಕೊಂಡು ಬಾಯಿಪಾಠ ಮಾಡಿತು. ಕೇರಳದವರೂ, ದೆಹಲಿಯವರೂ "ನಿಂದರ್ರಿ" ಅನ್ನತೊಡಗಿದರು. ಈ ಆಸ್ಪತ್ರೆಗೆ ಶಿವಮೊಗ್ಗ, ದಾವಣಗೆರೆ, ಹಾವೇರಿ ಕಡೆಯಿಂದ ಜನ ಬರುತ್ತಲೇ ಇರುತ್ತಾರೆ. ಕನ್ನಡ ಬರುವವರಿಗೆ ಇಲ್ಲಿ ಕೆಲಸದ ಬೆಲೆ ಇದೆ. ಯಾವ ಸೀನಿಯರ್ರೂ ನನಗೆ ಇದನ್ನು ಮೊದಲೇ ಹೇಳಿರಲಿಲ್ಲ.

ಕೇಳಿದ್ದನ್ನು ಏನು ಮಾಡಬೇಕು

ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪ್ರತಿ ಉತ್ತರದ ಪಕ್ಕ ಯಾವ ಕೋರ್ಸು, ಯಾವ ವರ್ಷ, ಯಾವ ತಿಂಗಳು ಅಂತ ಹಾಕಿ. ಒಬ್ಬರೇ ಹೇಳಿದ ದೂರಿಗೆ ತಲೆ ಕೆಡಿಸಿಕೊಳ್ಳಬೇಡಿ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಮೂವರು ಹೇಳಿದರೆ ಅದನ್ನು ನಂಬಿ. ಹೊಗಳಿಕೆಗೂ ಇದೇ ಅಳತೆ. ಆಮೇಲೆ ಕಾಲ ಸರಿ ಮಾಡುವುದು ಯಾವುದು, ಮಾಡದೇ ಇರುವುದು ಯಾವುದು ಅಂತ ಬೇರೆ ಮಾಡಿ. ಮನೆಯ ನೆನಪು, ಊಟ, ಇಂಗ್ಲಿಷು, ಮಳೆ, ಇವೆಲ್ಲ ದೀಪಾವಳಿ ಆಸುಪಾಸಿಗೆ ಹಗುರಾಗುತ್ತವೆ. ಸಾಲದ ಕಂತು, ಇಷ್ಟವಿಲ್ಲದ ವಿಷಯ, ಇವು ಹಗುರಾಗುವುದಿಲ್ಲ.

ತಮ್ಮನ ನೋಟ್‌ಬುಕ್ಕಿನಲ್ಲಿ ಎಂಟು ಜನರ ಉತ್ತರ ಇದ್ದವು. ಎಂಜಿನಿಯರಿಂಗ್ ಸೇರಬೇಕು ಅಂತ ಬಂದಿದ್ದ. ಖರ್ಚಿನ ಪುಟ ನೋಡಿ ಅವನೇ ಬೇಡ ಅಂದ. ಈಗ ದಾವಣಗೆರೆಯಲ್ಲಿ ಓದುತ್ತಿದ್ದಾನೆ, ಖುಷಿಯಾಗಿದ್ದಾನೆ. ಅವನು ಇಲ್ಲಿ ನನ್ನ ಜೊತೆ ಇದ್ದಿದ್ದರೆ ಅಂತ ನನಗೆ ಆಸೆ ಇತ್ತು, ಅದು ಬೇರೆ ಮಾತು.

ನಮ್ಮ ಕಡೆಯಿಂದ ಬರುವವರಿಗೆ ದಾರಿ ಹೇಳುತ್ತೇನೆ. ಶಿವಮೊಗ್ಗಕ್ಕೆ ಬಂದು ತೀರ್ಥಹಳ್ಳಿ, ಆಗುಂಬೆ ಮೇಲೆ ಬರುವ ಮಿನಿ ಬಸ್ಸು ಹಿಡಿಯಿರಿ. ಘಾಟಿಯಲ್ಲಿ 14 ತಿರುವು, ಹೊಟ್ಟೆ ತುಂಬ ತಿಂದು ಹತ್ತಬೇಡಿ. ಹೆಬ್ರಿ, ಪರ್ಕಳ ದಾಟಿ ಬರುವ ಆ ಬಸ್ಸು ಉಡುಪಿಗಿಂತ ಮೊದಲು ಮಣಿಪಾಲಕ್ಕೇ ಬರುತ್ತದೆ, ಟೈಗರ್ ಸರ್ಕಲ್‌ನಲ್ಲಿ ಇಳಿಯಿರಿ. ರೈಲಿನಲ್ಲಿ ಬಂದರೆ ಇಂದ್ರಾಳಿಯಲ್ಲಿರುವ ಉಡುಪಿ ನಿಲ್ದಾಣದಲ್ಲಿ ಇಳಿಯಬೇಕು, ಅಲ್ಲಿಂದ ಮಣಿಪಾಲ ಹತ್ತಿರವೇ. ಕಾಲಿಗೆ ರಬ್ಬರ್ ಚಪ್ಪಲಿ ಇರಲಿ, ಜೀನ್ಸ್ ಬೇಡ. ಜೋರು ಮಳೆಗೆ ಮಣ್ಣು ಕುಸಿದು ಘಾಟಿ ಬಂದ್ ಆಗುವುದುಂಟು, ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಒಂದು ಮಾತು ಕೇಳಿಕೊಂಡೇ ಹತ್ತಿ.