ಅಮ್ಮನ ಪಾಲಿನ ದಾವೆಗೆ ಉಚಿತ ವಕೀಲರು ಸಿಕ್ಕಿದ್ದು ಹೀಗೆ

ತಾತ ತೀರಿಕೊಂಡು ವರ್ಷಗಳೇ ಕಳೆದಿದ್ದವು. ಪಹಣಿ ಮಾವಂದಿರಿಬ್ಬರ ಹೆಸರಿಗೆ ಏರಿತ್ತು. ಅಮ್ಮ ಪಾಲಿನ ಮಾತೆತ್ತಿದರೆ, ‘ಮದುವೆ ಮಾಡಿ ಕಳಿಸಿದ್ದೀವಲ್ಲಮ್ಮ, ಇನ್ನೇನು ಕೊಡೋದು?’ ಅನ್ನುತ್ತಿದ್ದರು. ಆಮೇಲೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಎಂದು ಒತ್ತಾಯ ಶುರುವಾಯಿತು. ನಾವು ವಿಚಾರಿಸಿದ ವಕೀಲರೊಬ್ಬರು ಹೇಳಿದ ಫೀಸು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಅಮ್ಮ ‘ಬಿಟ್ಟುಬಿಡೋಣ ಕಣೇ’ ಅಂದರು. ದುಡ್ಡಿಲ್ಲ ಅನ್ನುವ ಒಂದೇ ಕಾರಣಕ್ಕೆ ಹುಟ್ಟಿನಿಂದ ಬಂದ ಹಕ್ಕನ್ನು ಬಿಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ದಾರಿ ತೋರಿಸಿದವರು ಪಂಚಾಯಿತಿಯಲ್ಲಿ ನಡೆದ ಕಾನೂನು ಅರಿವು ಕಾರ್ಯಕ್ರಮಕ್ಕೆ ಬಂದಿದ್ದ ಒಬ್ಬ ಸ್ವಯಂಸೇವಕಿ. ಕಾನೂನು ಸೇವಾ ಸಂಸ್ಥೆಗಳೇ ತರಬೇತಿ ಕೊಟ್ಟು ಇಂಥವರನ್ನು ಹಳ್ಳಿಗಳಿಗೆ ಕಳಿಸುತ್ತವೆ. ನಾನು ‘ನಾವು ಬಿಪಿಎಲ್ ಅಲ್ಲ, ಉಚಿತ ವಕೀಲರು ನಮಗೆ ಸಿಗೋದಿಲ್ಲ ಅಲ್ವಾ?’ ಅಂತ ಕೇಳಿದೆ. ‘ಹೆಂಗಸರಿಗೆ ಆದಾಯದ ಲೆಕ್ಕವೇ ಇಲ್ಲ ಮೇಡಂ’ ಅಂದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಹೇಳುವುದೂ ಅದನ್ನೇ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು, ನೆರೆ ಬರದಂಥ ವಿಕೋಪಕ್ಕೆ ಸಿಕ್ಕವರು, ಇವರಿಗೆಲ್ಲ ವರಮಾನ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಸರ್ಕಾರ ನಿಗದಿ ಮಾಡಿದ ಆದಾಯ ಮಿತಿ ಅನ್ವಯಿಸುವುದು ಉಳಿದವರಿಗೆ. ಅವರೂ ಸಾಮಾನ್ಯವಾಗಿ ಆದಾಯದ ಬಗ್ಗೆ ಒಂದು ಅಫಿಡವಿಟ್ (ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆ) ಕೊಟ್ಟರೆ ಸಾಕು. ಇದು ಯಾರೋ ಕರುಣೆಯಿಂದ ಮಾಡುವ ಉಪಕಾರವಲ್ಲ. 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿ ಹೊರಿಸಿರುವ ಹೊಣೆ. ಹೆಣ್ಣುಮಕ್ಕಳಿಗೆ ಈ ವಿಷಯವನ್ನು ಶಾಲೆಯಲ್ಲೇ ಹೇಳಿಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಜಿಲ್ಲಾ ಕೇಂದ್ರವಾದರೆ ಜಿಲ್ಲಾ ಪ್ರಾಧಿಕಾರ, ಹೈಕೋರ್ಟಿಗೆ ಪ್ರತ್ಯೇಕ ಸಮಿತಿ. ಅಮ್ಮನನ್ನು ಕರೆದುಕೊಂಡೇ ಹೋದೆ, ಅರ್ಜಿಗೆ ಅವರದೇ ಸಹಿ ಬೇಕಲ್ಲ. ಅರ್ಜಿಯಲ್ಲಿ ಕೇಳುವುದು ಹೆಸರು, ವಿಳಾಸ, ಯಾವ ವರ್ಗದಡಿ ನೆರವು ಬೇಕು, ತಕರಾರು ಏನು, ಇಷ್ಟೇ. ಶುಲ್ಕ ಇಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅಲ್ಲಿಯವರೇ ಬರೆದುಕೊಳ್ಳುತ್ತಾರೆ.

ಅರ್ಜಿಯ ಜೊತೆ ನಾನು ಒಂದು ಹಾಳೆ ಬರೆದುಕೊಂಡು ಹೋಗಿದ್ದೆ. ಒಂದೇ ಪುಟ. ತಾತ ತೀರಿಕೊಂಡ ದಿನಾಂಕ, ಅಜ್ಜಿಯದು, ಮಕ್ಕಳ ಹೆಸರು ಹುಟ್ಟಿದ ಕ್ರಮದಲ್ಲಿ, ಸರ್ವೆ ನಂಬರುಗಳು, ಖಾತೆ ಯಾವಾಗ ಬದಲಾಯಿತು, ಸಹಿಗೆ ಒತ್ತಾಯ ಬಂದಿದ್ದು ಯಾವಾಗ. ಯಾರು ಯಾರಿಗೆ ಬೈದರು, ಯಾರು ಅತ್ತರು ಅನ್ನುವುದನ್ನೆಲ್ಲ ಬಿಟ್ಟೆ. ಜೊತೆಗೆ ಪಹಣಿ, ನಾಡಕಚೇರಿಯಿಂದ ತಂದ ವಂಶವೃಕ್ಷ, ತಾತನ ಮರಣ ಪ್ರಮಾಣಪತ್ರ. ಉಚಿತ ವಕೀಲರ ಕೈಯಲ್ಲಿ ಬೇರೆ ಕೇಸುಗಳೂ ಇರುತ್ತವೆ. ನಮ್ಮ ಕಥೆ ಅವರಿಗೆ ಬೇಗ ತಲೆಗೆ ಹತ್ತಬೇಕಾದರೆ ಈ ಒಂದು ಹಾಳೆಯಷ್ಟು ಉಪಯೋಗದ್ದು ಇನ್ನೊಂದಿಲ್ಲ.

ಮೊದಲು ನೇಮಕವಾದ ಪ್ಯಾನಲ್ ವಕೀಲರು (ಸಮಿತಿಯ ಪಟ್ಟಿಯಲ್ಲಿರುವವರು) ದಾವೆ ಹಾಕಿಕೊಟ್ಟರು, ಆಮೇಲೆ ವಾಯಿದೆಗಳಿಗೆ ಬರುವುದನ್ನು ನಿಲ್ಲಿಸಿದರು. ನನಗೆ ಅದು ತಿಳಿದದ್ದು ಇ-ಕೋರ್ಟ್ಸ್ ಆ್ಯಪ್‌ನಿಂದ. ಪ್ರತಿ ಕೇಸಿಗೂ ಹದಿನಾರು ಅಕ್ಷರ-ಅಂಕಿಗಳ ಒಂದು ಸಿಎನ್ಆರ್ ಸಂಖ್ಯೆ ಇರುತ್ತದೆ. ಅದನ್ನು ಹಾಕಿ ನೋಡಿದರೆ ಹಿಂದಿನ ವಾಯಿದೆಯಲ್ಲಿ ಏನಾಯಿತು, ಮುಂದಿನದು ಯಾವತ್ತು ಅನ್ನುವುದು ಫೋನಿನಲ್ಲೇ ಕಾಣುತ್ತದೆ. ಗೈರುಹಾಜರಿ ಆದ ತಾರೀಖುಗಳನ್ನು ನಮೂದಿಸಿ, ಬೇರೆ ವಕೀಲರನ್ನು ಕೊಡಿ ಎಂದು ಸಮಿತಿಯ ಅಧ್ಯಕ್ಷರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆದುಕೊಂಡೆ. ಅಧ್ಯಕ್ಷರಾಗಿರುವವರು ಅಲ್ಲಿಯ ಹಿರಿಯ ನ್ಯಾಯಾಧೀಶರೇ. ಬೇರೆಯವರನ್ನು ಕೊಟ್ಟರು. ಉಚಿತ ಅಂದಮೇಲೆ ಬಾಯಿಮುಚ್ಚಿಕೊಂಡು ಇರಬೇಕು ಅಂತೇನಿಲ್ಲ. ಹಾಗೆಯೇ, ಪ್ಯಾನಲ್ ವಕೀಲರು ನಮ್ಮಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವಂತಿಲ್ಲ. ಅವರ ಫೀಸು, ಕೋರ್ಟ್ ಫೀ, ದೃಢೀಕೃತ ನಕಲಿನ ಖರ್ಚು, ಎಲ್ಲ ಸಂಸ್ಥೆಯದೇ. ಯಾರಾದರೂ ಕೈಚಾಚಿದರೆ ದೂರು ಹೋಗಬೇಕಾದದ್ದು ಇದೇ ಅಧ್ಯಕ್ಷರಿಗೆ.

ಎರಡನೆಯವರು ಮಹಿಳಾ ವಕೀಲರು. ಪಹಣಿಯನ್ನು ಮೇಜಿನ ಮೇಲೆ ಬಿಡಿಸಿಟ್ಟು ಹತ್ತನೇ ಕಾಲಂ ಮೇಲೆ ಪೆನ್ನು ಇಟ್ಟರು. ಜಮೀನು ಆ ಹೆಸರಿಗೆ ಹೇಗೆ ಬಂತು ಅನ್ನುವುದು ಅಲ್ಲಿರುತ್ತದಂತೆ, ಮ್ಯುಟೇಶನ್ (ಖಾತೆ ಬದಲಾವಣೆ) ನಂಬರಿನ ಸಮೇತ. ‘ಪೌತಿ ಅಂತಿದೆ ನೋಡಿ. ವಿಭಾಗ ಪತ್ರ ಆಗಿಲ್ಲ’ ಅಂದರು. ಪೌತಿ ಖಾತೆ, ಅಂದರೆ ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಆಗುವ ಖಾತೆ, ಕಂದಾಯದ ಲೆಕ್ಕಕ್ಕೆ ಮಾತ್ರ, ಅದರಿಂದ ಯಾರಿಗೂ ಮಾಲೀಕತ್ವ ಹುಟ್ಟುವುದಿಲ್ಲ. ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆಯ ಪ್ರಕಾರ, 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ವಿಭಾಗ ಪತ್ರವೋ ಕೋರ್ಟ್ ಡಿಕ್ರಿಯೋ ಆಗಿದ್ದರೆ ನಮ್ಮ ದಾರಿ ಕಷ್ಟವಾಗುತ್ತಿತ್ತು. ಮಾವಂದಿರು ಹಿಡಿದಿದ್ದ ಇನ್ನೊಂದು ವಾದ, ‘ಅಪ್ಪ 2005ರ ಕಾನೂನಿಗೆ ಮುಂಚೆಯೇ ಹೋದರು, ಅವಳಿಗೆ ಹಕ್ಕಿಲ್ಲ’ ಅಂತ. ಅದಕ್ಕೆ ವಕೀಲರು ಸುಪ್ರೀಂ ಕೋರ್ಟಿನ ವಿನೀತಾ ಶರ್ಮಾ ಪ್ರಕರಣದ ತೀರ್ಪು ಹೇಳಿದರು. 2020ರ ಆಗಸ್ಟ್ 11ರದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಆ ತಿದ್ದುಪಡಿಯ ದಿನ ಬದುಕಿರಬೇಕೆಂದಿಲ್ಲ. ಅಮ್ಮ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಅಲ್ಲಿಯವರೆಗೆ ಅವರು ತಾನು ತವರಿನ ಮುಂದೆ ಬೇಡುತ್ತಿದ್ದೇನೆ ಎಂದೇ ತಿಳಿದಿದ್ದರು.

ಜಮೀನು ಮಾರದಂತೆ ತಡೆಯಾಜ್ಞೆ ಸಿಕ್ಕಮೇಲೆ ಮಾವಂದಿರು ಮಾತಿಗೆ ಬಂದರು. ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಅಲ್ಲಿ ಆಗುವ ಐತೀರ್ಪಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಅದರ ಮೇಲೆ ಅಪೀಲು ಇಲ್ಲ. ಆದ್ದರಿಂದಲೇ ಸಹಿ ಹಾಕುವ ಮುಂಚೆ ಎಚ್ಚರ ಬೇಕು. ನಾವು ಚೆಕ್ಕುಬಂದಿಯನ್ನು (ಜಮೀನಿನ ನಾಲ್ಕೂ ದಿಕ್ಕಿನ ಗಡಿ) ಒಂದೊಂದಾಗಿ ಓದಿಸಿದೆವು. ಅಮ್ಮನ ತುಂಡಿಗೆ ಹೋಗುವ ಬಂಡಿದಾರಿ ರಾಜಿ ಪತ್ರದಲ್ಲಿ ಬಿಟ್ಟುಹೋಗಿತ್ತು, ಅದನ್ನು ಬರೆಸಿದ ಮೇಲೆಯೇ ಸಹಿ ಹಾಕಿದರು. ರಾಜಿ ಇಷ್ಟವಿಲ್ಲದಿದ್ದರೆ ಯಾರೂ ಬಲವಂತ ಮಾಡುವಂತಿಲ್ಲ, ಕೇಸು ವಾಪಸ್ ಕೋರ್ಟಿಗೇ ಹೋಗುತ್ತದೆ.

ಈಗ ನೆಂಟರು, ಪರಿಚಯದವರು ನನ್ನನ್ನು ಕೇಳುತ್ತಾರೆ. ಕಚೇರಿ ಎಲ್ಲಿದೆ ಗೊತ್ತಿಲ್ಲ ಅನ್ನುವವರಿಗೆ 15100 ನಂಬರು ಕೊಡುತ್ತೇನೆ, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ ಅದು. ಕೇಸು ಹಾಕುವ ಉದ್ದೇಶವಿಲ್ಲದೆ ಬರೀ ಸಲಹೆ ಬೇಕಾದರೂ ಹೋಗಬಹುದು. ಕರೆಂಟು, ನೀರು, ವಿಮೆ, ಆಸ್ಪತ್ರೆಯಂಥ ಸೇವೆಗಳ ತಕರಾರಿಗೆ ಕಾಯಂ ಲೋಕ ಅದಾಲತ್ ಇದೆ. ಕೊಂಡ ವಸ್ತು ಕೆಟ್ಟಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ವಕೀಲರಿಲ್ಲದೆ ನೀವೇ ಹೋಗಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಮೊದಲ ದಿನವೇ ಎಲ್ಲ ಕಾಗದ ಸೇರಿಸಿಕೊಂಡೇ ಹೋಗಬೇಕು ಅಂತ ತಡ ಮಾಡಬೇಡಿ. ಗುರುತಿನ ಚೀಟಿ, ಆ ಒಂದು ಹಾಳೆ, ಕೈಗೆ ಸಿಕ್ಕಷ್ಟು ದಾಖಲೆಯ ಜೆರಾಕ್ಸ್ ಇದ್ದರೆ ಅರ್ಜಿ ಕೊಡಬಹುದು. ಉಳಿದದ್ದನ್ನು ಎಲ್ಲಿಂದ ತರಬೇಕು ಅಂತ ವಕೀಲರೇ ಹೇಳುತ್ತಾರೆ.