ಎರಡು ಸಾವಿರ ಇ-ಪುಸ್ತಕ ಹಗೇವಿಗೆ, ಏಳು ಕೈಗೆ

ಓದದೇ ಬಿದ್ದಿದ್ದ ಇ-ಪುಸ್ತಕ ಹತ್ತಿರಹತ್ತಿರ 2,300. ದಿನಾ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಒಟ್ಟಿಗೆ ಬಸ್ ಹತ್ತುವ ಗೆಳೆಯರದ್ದು ಒಂದೇ ಮಾತು: 'ಇದು ಆಗೋ ಹೋಗೋ ಕೆಲಸ ಅಲ್ಲ, ಅರ್ಧ ಡಿಲೀಟ್ ಮಾಡು.' ಒಂದನ್ನೂ ಡಿಲೀಟ್ ಮಾಡಲಿಲ್ಲ. ಕಳೆದ ವರ್ಷ ಅರವತ್ತರ ಮೇಲೆ ಓದಿ ಮುಗಿಸಿದ್ದೇನೆ, ಹೊಸದಾಗಿ ಬಂದದ್ದು ಅದಕ್ಕಿಂತ ಕಡಿಮೆ. ಆ ಬಸ್ಸಿನಲ್ಲಿ ಇಷ್ಟು ಓದಿದವರು ಬೇರೆ ಯಾರೂ ಇಲ್ಲ.

ಈಗಿನ ದಾರಿ ಸಿಗುವ ಮೊದಲು ದುಡ್ಡು ಸಾಕಷ್ಟು ಹೋಗಿದೆ. ತಿಂಗಳ ಚಂದಾ ಕಟ್ಟಿ ಓದುವ ಸೇವೆಗೆ ಒಂದೂವರೆ ವರ್ಷದಲ್ಲಿ ಮೂರು ಸಾವಿರದ ಆಸುಪಾಸು. ಚಂದಾ ನಿಲ್ಲಿಸಿದ ಕೂಡಲೇ ಅರ್ಧ ಓದಿದ ಪುಸ್ತಕಗಳೂ ವಾಪಸ್ ಹೋದವು. ಸ್ಕ್ಯಾನ್ ಪಿಡಿಎಫ್ ಓದೋಕೆ ಅಂತ ಹತ್ತಿಂಚಿನ ಇ-ಇಂಕ್ ಟ್ಯಾಬ್ ಸೆಕೆಂಡ್ ಹ್ಯಾಂಡ್ ತಗೊಂಡೆ, ಹದಿನಾಲ್ಕು ಸಾವಿರ. ನಿಂತುಕೊಂಡು ಒಂದು ಕೈಯಲ್ಲಿ ಹಿಡಿಯೋಕೆ ಆಗಲ್ಲ. ಒಂಬತ್ತಕ್ಕೆ ಮಾರಿದೆ. ಎಕ್ಸೆಲ್ ಪಟ್ಟಿ ಮಾಡಿ ನಕ್ಷತ್ರ ಕೊಡುವ ಪದ್ಧತಿಯಲ್ಲಿ ಪಟ್ಟಿ ಬೆಳೆಯಿತು, ಓದು ಬೆಳೆಯಲಿಲ್ಲ.

ಕೊನೆಗೆ ಕೆಲಸಕ್ಕೆ ಬಂದದ್ದು ಹಗೇವಿನ ಲೆಕ್ಕ. ನಮ್ಮ ಕಡೆ ಜೋಳವನ್ನು ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ, ಸುರಿದು ಬಾಯಿ ಮುಚ್ಚುತ್ತಿದ್ದರು. ಅಡುಗೆಮನೆಯಲ್ಲಿ ಸದ್ಯಕ್ಕೆ ಬೇಕಾದಷ್ಟೇ. ಹಾಗೇ ಇ-ಪುಸ್ತಕ ಜೋಡಿಸಿಡುವ ತಂತ್ರಾಂಶ ಕ್ಯಾಲಿಬರ್‌ನಲ್ಲಿ ಎರಡು ಲೈಬ್ರರಿ ಮಾಡಿದೆ. ಎಲ್ಲವೂ ಹಗೇವಿಗೆ, ಹಳೇ ಕಿಂಡಲ್‌ನಲ್ಲಿ ಏಳೇ ಪುಸ್ತಕ. ಒಂದು ಹೊರಗೆ ಹೋಗದೆ ಇನ್ನೊಂದು ಒಳಗೆ ಬರುವಂತಿಲ್ಲ. ಹೊಸ ಪುಸ್ತಕ ಬಸ್ ಹೊರಟಾಗ ಶುರು ಮಾಡುತ್ತೇನೆ, ದಾರಿಯಲ್ಲಿ ಭರಮಸಾಗರ ಬರುವಷ್ಟರಲ್ಲಿ ಹಿಡಿಸಲಿಲ್ಲ ಅಂದರೆ ಅದು ಸಂಜೆ ಹಗೇವಿಗೆ ವಾಪಸ್. ಅದಕ್ಕೂ ಮೊದಲೇ ಸಿಗುವ ಆನಗೋಡಿನ ಹತ್ತಿರವೇ ತೀರ್ಮಾನ ಮಾಡಿ ನೋಡಿದ್ದೆ. ಒಳ್ಳೆಯ ಪುಸ್ತಕಗಳೂ ಸೋತವು, ಆ ದೂರ ಸಾಲದು.

ಕ್ಯಾಲಿಬರ್‌ನಲ್ಲಿ 'ಯಾಕೆ' ಅಂತ ಒಂದು ಕಾಲಂ ಸೇರಿಸಿಕೊಂಡಿದ್ದೇನೆ. ಇಳಿಸಿದ ದಿನವೇ ಒಂದು ಸಾಲು ಬರೆಯಬೇಕು. ಏನೂ ತೋಚದಿದ್ದರೆ ಆ ಪುಸ್ತಕಕ್ಕೆ ಏಳರಲ್ಲಿ ಜಾಗ ಸಿಗೋದಿಲ್ಲ. ಏಳನ್ನು ಯಾವ ಸರದಿಯಲ್ಲಿ ಇಡಬೇಕು ಅನ್ನೋದಕ್ಕೆ ನನ್ನದೇ ಒಂದು ಉಪಾಯವಿದೆ, ಅದನ್ನು ಮಾತ್ರ ಬಿಚ್ಚಲ್ಲ.

ಹಗೇವು ಸುಮ್ಮನೆ ಬಿದ್ದಿಲ್ಲ. ಕ್ಯಾಲಿಬರ್ ಆರನೇ ಆವೃತ್ತಿಯಿಂದ ಪುಸ್ತಕದ ಒಳಗಿನ ಪಠ್ಯವನ್ನೂ ಹುಡುಕುತ್ತದೆ. ಮೊನ್ನೆ ದುರ್ಗದ ಕೋಟೆಯ ಬಗ್ಗೆ ಮಾತು ಬಂದು 'ಅಕ್ಕ ತಂಗಿ ಹೊಂಡ' ಅಂತ ಹೊಡೆದೆ, ಮರೆತೇಹೋಗಿದ್ದ ಮೂರು ಪುಸ್ತಕ ಮೇಲೆ ಬಂದವು. ಡಿಲೀಟ್ ಮಾಡಿ ಅಂದವರಿಗೆ ಅಲ್ಲೇ ತೋರಿಸಿದೆ.

ಕನ್ನಡದ ಪುಸ್ತಕಗಳ ಕಷ್ಟವೇ ಬೇರೆ. ಮೊದಲನೆಯದು ಒತ್ತಕ್ಷರ. ಕಿಂಡಲ್‌ಗೆ ಕೊರೀಡರ್ ಅನ್ನೋ ಓದುವ ತಂತ್ರಾಂಶ ಹಾಕಿ, ಗುಬ್ಬಿ ಅನ್ನೋ ಕನ್ನಡ ಅಕ್ಷರವಿನ್ಯಾಸವನ್ನು ಅದರ ಫಾಂಟ್ ಫೋಲ್ಡರಿಗೆ ಸೇರಿಸಿದ ಮೇಲೆ ನೆಟ್ಟಗಾಯಿತು. ಇಂಟರ್ನೆಟ್ ಆರ್ಕೈವ್ ಜಾಲತಾಣದಿಂದ ಇಳಿಸಿದ ಹಳೇ ಸ್ಕ್ಯಾನ್‌ಗಳನ್ನು ಪಿಡಿಎಫ್ ಪುಟವನ್ನು ಸಣ್ಣ ಪರದೆಗೆ ಹೊಂದಿಸುವ ಕೆ2ಪಿಡಿಎಫ್‌ಆಪ್ಟ್‌ನಲ್ಲಿ ಹಾಯಿಸಿದರೆ ಆರಿಂಚಿನ ಪರದೆಗೂ ಸಾಲುಗಳು ಮುರಿದು ಕೂರುತ್ತವೆ. ಅಂಚು ಎಷ್ಟು ಕತ್ತರಿಸಬೇಕು ಅನ್ನೋದನ್ನು ಪುಸ್ತಕ ನೋಡಿಯೇ ಹೇಳಬೇಕು. ಚಿತ್ರದಲ್ಲಿರುವ ಅಕ್ಷರ ಗುರುತಿಸುವ ಟೆಸರಾಕ್ಟ್‌ನಿಂದ ಪಠ್ಯ ತೆಗೆಯುವ ಪ್ರಯೋಗಕ್ಕೆ ಒಂದು ಬೇಸಿಗೆ ಕಳೆಯಿತು. ಪ, ಷ, ವ ಒಂದಕ್ಕೊಂದು ಬದಲಾಗುತ್ತವೆ, ಅನುಸ್ವಾರ ಸೊನ್ನೆಯಾಗುತ್ತದೆ, ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಹುಡುಕೋಕೆ ಸಾಕು, ಓದೋಕೆ ಸಾಲದು. ಫೋನಿಗೆ ಓದಿ ಹೇಳಿಸಿಕೊಂಡು ಕುಂದವಾಡ ಕೆರೆ ಸುತ್ತಿದ್ದೂ ಉಂಟು. ಪ್ರಬಂಧ ಚೆನ್ನಾಗಿ ಕೇಳಿಸುತ್ತದೆ, ಕವಿತೆ ಮಾತ್ರ ಬೇಡವೇ ಬೇಡ.

ಈ ವರ್ಷ ಪುಸ್ತಕಕ್ಕೆ ಖರ್ಚಾದದ್ದು ಸಾವಿರದ ಇನ್ನೂರು ಇರಬಹುದು, ಬಹುಪಾಲು ಹೊಸ ಕನ್ನಡ ಪುಸ್ತಕಗಳಿಗೆ. ಈಗ ಉಳಿದಿರುವುದು ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಹಳೇ ಆಸ್ಕಿ ಫಾಂಟಿನಲ್ಲಿರುವ ಇನ್ನೂರು ಚಿಲ್ಲರೆ ಫೈಲ್. ಈಗಿನ ಎಲ್ಲ ತಂತ್ರಾಂಶಕ್ಕೂ ಅರ್ಥವಾಗುವ ಯುನಿಕೋಡ್ ಅಲ್ಲದ್ದರಿಂದ ಹುಡುಕಾಟಕ್ಕೆ ಸಿಗುತ್ತಿಲ್ಲ. ಭಾನುವಾರಕ್ಕೆ ಐದಾರರಂತೆ ಪರಿವರ್ತಿಸಿ ಹಗೇವಿಗೆ ಹಾಕುತ್ತಿದ್ದೇನೆ.