ಓತಿಕ್ಯಾತದ ರಕ್ತ ಓದಲು ಕಲಿತದ್ದು

ಸೂಕ್ಷ್ಮದರ್ಶಕದಲ್ಲಿ ನಾನು ಮೊದಲ ಸಲ ಓತಿಕ್ಯಾತದ ರಕ್ತ ನೋಡಿದಾಗ ಆರೋಗ್ಯವಾಗಿರುವ ಕಣ ಒಂದೂ ಕಾಣಲಿಲ್ಲ. ಪ್ರತಿ ಕೆಂಪುಕಣದ ನಡುವೆಯೂ ನೇರಳೆ ಬಣ್ಣದ ಉಂಡೆಯೊಂದು ಕುಳಿತಿತ್ತು. ಮಲೇರಿಯಾ ಸಿಕ್ಕಿಯೇಬಿಟ್ಟಿತೆಂದು ಪಕ್ಕದ ಮೇಜಿನ ಹಿರಿಯರನ್ನು ಕೂಗಿದೆ. ಅವರು ಒಮ್ಮೆ ಇಣುಕಿ, "ಅದು ಕೋಶಕೇಂದ್ರ ಕಣಪ್ಪಾ. ನಿನ್ನ ಕೆಂಪುಕಣಕ್ಕೆ ಇಲ್ಲ, ಇದರದ್ದಕ್ಕೆ ಇದೆ" ಎಂದು ಹೇಳಿ ಚಹಾ ಕುಡಿಯಲು ಹೊರಟುಹೋದರು. ಪಾಠದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದ ವಿಷಯ ಅದು.

ಈ ಹುಚ್ಚು ಹತ್ತಿದ್ದು ಕೆರಿಬಿಯನ್ ಸಮುದ್ರದ ಸೇಂಟ್ ಮಾರ್ಟಿನ್ ದ್ವೀಪದ ಕಥೆಯಿಂದ. ಅಲ್ಲಿ ಎರಡು ಜಾತಿಯ ಅನೋಲಿಸ್ ಹಲ್ಲಿಗಳಿವೆ. ಬಲಶಾಲಿಯಾದದ್ದು ದ್ವೀಪದ ಉದ್ದಗಲಕ್ಕೂ ಇದೆ. ಇನ್ನೊಂದು ಕೆಲವೆಡೆ ಮಾತ್ರ. ಆ ಬಲಶಾಲಿಯ ರಕ್ತದಲ್ಲಿ ಪ್ಲಾಸ್ಮೋಡಿಯಂ ಅಜ್ಯೂರೋಫಿಲಂ ಎಂಬ ಮಲೇರಿಯಾ ಪರಾವಲಂಬಿ ಇರುವ ಜಾಗಗಳಲ್ಲೇ ದುರ್ಬಲ ಜಾತಿಯೂ ಬದುಕಿದೆ ಎಂದು ಜೀವವಿಜ್ಞಾನಿ ಜೋಸೆಫ್ ಶಾಲ್ 1992ರಲ್ಲಿ ತೋರಿಸಿದರು. ಕಣ್ಣಿಗೆ ಕಾಣದ ಜೀವಿಯೊಂದು ಇಬ್ಬರ ಜಗಳದಲ್ಲಿ ಪಂಚಾಯಿತಿ ಮಾಡಿದಂತೆ! ನಮ್ಮ ಬಂಡೆಗಳ ಮೇಲೆ ಏನು ನಡೆದಿದೆಯೋ ನೋಡೋಣ ಎನಿಸಿತು.

ಅರಣ್ಯ ಇಲಾಖೆಯ ಅನುಮತಿ ಮತ್ತು ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಕೈಸೇರಿದ ಮೇಲೆ ಕೋಲಾರದ ಕಡೆಯ ಬಂಡೆಗುಡ್ಡಗಳನ್ನು ಹತ್ತಿದೆ. ಅಲ್ಲಿರುವುದು ಸ್ಯಾಮೋಫಿಲಸ್ ಡಾರ್ಸಾಲಿಸ್ ಎಂಬ ಬಂಡೆ ಓತಿಕ್ಯಾತ. ಸಂತಾನದ ಕಾಲದಲ್ಲಿ ಗಂಡಿನ ಬೆನ್ನು ಕೆಂಪೇರಿ ಪಕ್ಕೆಗಳು ಕಪ್ಪಾಗುತ್ತವೆ. ದೂರದಿಂದಲೇ ಗುರುತು ಸಿಗುತ್ತದೆ. ಮೀನಿನ ಗಾಳದ ಕೋಲಿನ ತುದಿಗೆ ದಾರದ ಕುಣಿಕೆ ಕಟ್ಟಿ, ನಿಧಾನವಾಗಿ ಅದರ ತಲೆಯ ಮುಂದೆ ತೂಗಬೇಕು. ಕೋಲಿನ ನೆರಳು ಅದರ ಮೇಲೆ ಬಿದ್ದರೆ ಕೆಲಸ ಕೆಟ್ಟಿತು, ಸಂದಿಗೆ ನುಗ್ಗಿಬಿಡುತ್ತದೆ. ಮೊದಲ ವಾರ ನಾನು ಹಿಡಿದದ್ದಕ್ಕಿಂತ ಜಾರಿ ಮೊಣಕಾಲು ಕೆತ್ತಿಸಿಕೊಂಡದ್ದೇ ಹೆಚ್ಚು.

ಮೊದಲು ಎಣಿಸಬೇಕಾದದ್ದು ಚರ್ಮದ ಮೇಲಿನ ನುಸಿಗಳನ್ನು, ಅವೂ ಪರಾವಲಂಬಿಗಳೇ. ತೆಂಗಿಗೆ ಹತ್ತಿದ ನುಸಿಯ ದೂರದ ನೆಂಟರು ಇವು. ಕುತ್ತಿಗೆಯ ಮಡಿಕೆಯಲ್ಲಿ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಕುಂಕುಮದ ಪುಡಿ ಉದುರಿದಂತೆ ಅಂಟಿರುತ್ತವೆ. ಮಸೂರದಡಿ ಇಟ್ಟು ನೋಡಿದರೆ ನಾನು ತೆಗೆದವುಗಳಿಗೆ ಕಾಲು ಆರೇ. ಮರಿಗಳು ಅವು, ಬೆಳೆದು ಎಂಟು ಕಾಲು ಮೂಡಿದ ಮೇಲೆ ಓತಿಕ್ಯಾತದ ಹಂಗಿಲ್ಲದೆ ಮಣ್ಣಿನಲ್ಲಿ ಬದುಕುತ್ತವೆ.

ಇಲ್ಲಿ ನಾನು ಮಾಡಿದ ತಪ್ಪು ತಿಂಗಳ ಕೆಲಸವನ್ನು ನುಂಗಿತು. ಹಿಡಿದವನ್ನು ಬಣ್ಣದ ಬಟ್ಟೆಚೀಲಗಳಿಗೆ ಹಾಕಿ, ನೆರಳಿಗೆ ಬಂದ ಮೇಲೆ ಎಣಿಸುತ್ತಿದ್ದೆ. ಚೀಲ ಸಾಲದಿದ್ದರೆ ಒಂದರಲ್ಲೇ ಎರಡು. ಒಂದು ದಿನ ಬೇರೆ ಚೀಲವಿಲ್ಲದೆ ಬಿಳಿಯ ದಿಂಬಿನ ಕವರು ಬಳಸಿದೆ. ಓತಿಕ್ಯಾತವನ್ನು ಹೊರತೆಗೆದ ಮೇಲೆ ನೋಡಿದರೆ ಬಟ್ಟೆಯ ಹೊಲಿಗೆಯುದ್ದಕ್ಕೂ ಕೆಂಪು ಚುಕ್ಕೆಗಳು ನಡೆಯುತ್ತಿದ್ದವು. ಅಷ್ಟು ದಿನ ಎಷ್ಟು ನುಸಿ ಉದುರಿದವು, ಎಷ್ಟು ಒಂದರಿಂದ ಇನ್ನೊಂದಕ್ಕೆ ಹತ್ತಿದವು, ಆ ದೇವರೇ ಬಲ್ಲ. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎನ್ನುತ್ತಾರೆ. ನನ್ನ ಮೂರ್ಖತನಕ್ಕೆ ದಿಂಬಿನ ಕವರು ಸಾಕ್ಷಿಯಾಯಿತು. ಆ ತಿಂಗಳ ಎಣಿಕೆಯನ್ನೆಲ್ಲ ಕೈಬಿಟ್ಟೆ. ಅಂದಿನಿಂದ ಒಂದಕ್ಕೊಂದು ಬಿಳಿ ಚೀಲ, ಹಿಡಿದ ಜಾಗದಲ್ಲೇ ಎಣಿಕೆ, ಕೊನೆಗೆ ಚೀಲವನ್ನೂ ಒದರಿ ನೋಡುವುದು.

ಇನ್ನೊಂದನ್ನು ಕಲಿಸಿದವರು ಕುರಿ ಕಾಯುವ ತಾತ. ಬಂಡೆಯ ಮೇಲೆ ಕುಳಿತು ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದರು.

"ಏನಪ್ಪಾ ಹುಡುಕುತ್ತಿದ್ದೀಯ?"

"ನುಸಿ ತಾತ, ಉಣ್ಣಿಯ ಹಾಗೆ ಮೈಗೆ ಅಂಟಿಕೊಂಡಿರುತ್ತವೆಯೇನೋ ಅಂತ."

"ಕಿವಿ ನೋಡಿದೆಯಾ? ಕುರಿಗಾದರೆ ನಾವು ಮೊದಲು ಕಿವಿಯನ್ನೇ ನೋಡುವುದು."

ನೋಡಿರಲಿಲ್ಲ. ಓತಿಕ್ಯಾತಕ್ಕೆ ಹೊರಗಿವಿಯಿಲ್ಲ, ತಲೆಯ ಪಕ್ಕದಲ್ಲಿ ಸಣ್ಣ ಗುಂಡಿಯಿದೆ ಅಷ್ಟೆ. ಅದರ ಅಂಚಿನಲ್ಲಿ ಏಳು ನುಸಿಗಳು ಸಾಲಾಗಿ ಕುಳಿತಿದ್ದವು.

ರಕ್ತ ತೆಗೆಯುವುದು ಬಾಲದ ಬುಡದ ಅಡಿಯಲ್ಲಿರುವ ರಕ್ತನಾಳದಿಂದ, ಇನ್ಸುಲಿನ್ ಸೂಜಿಯಲ್ಲಿ. ಒಂದು ಹನಿ ಸಾಕು. ಗಾಜಿನ ಪಟ್ಟಿಯ ಮೇಲೆ ಎಳೆದು, ಗಾಳಿಗೆ ಒಣಗಿಸಿ, ಮೆಥನಾಲಿನಲ್ಲಿ ಅದ್ದಬೇಕು. ಅದ್ದುವುದನ್ನು ಸಂಜೆಗೆ ಮುಂದೂಡಿದರೆ ಏನಾಗುತ್ತದೆಂದು ನಾನೇ ಕಂಡುಕೊಂಡೆ: ಊಟ ಮುಗಿಸಿ ಬರುವಷ್ಟರಲ್ಲಿ ಇರುವೆಗಳು ಎಂಟು ಪಟ್ಟಿಗಳನ್ನು ಅಂಚಿನಿಂದ ಮೇಯ್ದು ಮುಗಿಸಿದ್ದವು. ಆಮೇಲೆ ಮೆಥನಾಲಿನ ಬಾಟಲಿ ನೀರಿನ ಬಾಟಲಿಗಿಂತ ಮೊದಲು ಚೀಲ ಸೇರತೊಡಗಿತು.

ಪ್ರಯೋಗಾಲಯದಲ್ಲಿ ಗೀಮ್ಸಾ ಬಣ್ಣ ಹಾಕಿ, ಎಣ್ಣೆಯ ಮಸೂರದಲ್ಲಿ ಸಾವಿರ ಪಟ್ಟು ಹಿಗ್ಗಿಸಿ, ಪಟ್ಟಿಗೆ 10,000 ಕೆಂಪುಕಣಗಳಂತೆ ನೋಡುತ್ತಾ ಹೋಗುವುದು. ಇದರಲ್ಲಿ ಹೇಳಿಕೊಳ್ಳುವಂಥ ರಸವೇನೂ ಇಲ್ಲ, ಕುತ್ತಿಗೆ ನೋವಿದೆ. ಮೊದಲು ಎಲ್ಲೆಲ್ಲೂ ಮಲೇರಿಯಾ ಕಂಡವನು ಈಗ ಅದಕ್ಕೆ ಪ್ರಾಯಶ್ಚಿತ್ತವೆಂಬಂತೆ ಬಣ್ಣದ ಕಸ ಯಾವುದು, ಪರಾವಲಂಬಿ ಯಾವುದು ಎಂದು ಅನುಮಾನ ಬಂದಾಗಲೆಲ್ಲ "ಇಲ್ಲ" ಎಂದು ಬರೆದು ಮುಂದೆ ಹೋಗುತ್ತಿದ್ದೆ.

ಹೊಸಬಳೊಬ್ಬಳಿಗೆ ಕೆಲಸ ಕಲಿಸಲು ಹಳೆಯ ಪಟ್ಟಿಯೊಂದನ್ನು ಕೊಟ್ಟೆ. ಸೋಂಕಿಲ್ಲದ ರಕ್ತ ಹೇಗಿರುತ್ತದೆಂದು ತೋರಿಸಲು ಕೊಟ್ಟದ್ದು ಅದು. ಅರ್ಧ ಗಂಟೆಯ ನಂತರ ಅವಳು, "ಸರ್, ಈ ಕಣದ ಕೋಶಕೇಂದ್ರ ಯಾಕೆ ಪಕ್ಕಕ್ಕೆ ಸರಿದಿದೆ?" ಎಂದಳು. ನೋಡಿದೆ. ಏಲಕ್ಕಿ ಬಾಳೆಹಣ್ಣಿನಂತೆ ತುಸು ಬಾಗಿದ್ದ ತಿಳಿನೀಲಿ ಆಕೃತಿಯೊಂದು ಕೋಶಕೇಂದ್ರವನ್ನು ಮೂಲೆಗೆ ಒತ್ತಿ ಮಲಗಿತ್ತು. ಮಲೇರಿಯಾದ ಕಂದು ಬಣ್ಣದ ಕಣಗಳಿಲ್ಲ, ಹೆಪಟೋಜೋವನ್ ಎಂಬ ಬೇರೊಂದು ರಕ್ತ ಪರಾವಲಂಬಿ ಗುಂಪಿನದು. ರಕ್ತ ಹೀರುವ ಜೀವಿ ಕಚ್ಚಿದ್ದರಿಂದ ಬರುವಂಥದ್ದಲ್ಲ ಇದು. ಸೋಂಕಿರುವ ಅಂಥ ಜೀವಿಯನ್ನು ತಿಂದಾಗ ದೇಹಕ್ಕೆ ದಾಟುತ್ತದೆ. ಇಡೀ ಪಟ್ಟಿಯಲ್ಲಿ ಅಂಥವು ಮೂರು ಇದ್ದವು, ಮೂರೂ ನನ್ನ ಕಣ್ಣು ತಪ್ಪಿಸಿಕೊಂಡಿದ್ದವು.

ಆ ಸಂಜೆ ದಾಖಲೆ ಪುಸ್ತಕ ತೆಗೆದು "ಇಲ್ಲ" ಎಂದಿದ್ದಲ್ಲೆಲ್ಲ ಹೊಡೆದುಹಾಕಿ "ಕಾಣಲಿಲ್ಲ" ಎಂದು ಬರೆದೆ. ಪಟ್ಟಿಗಳನ್ನು ಮತ್ತೆ ಮೊದಲಿನಿಂದ ನೋಡುತ್ತಿದ್ದೇವೆ. ಈ ಸಲ ಒಂದೊಂದನ್ನೂ ಇಬ್ಬರು ನೋಡುತ್ತೇವೆ, ಒಬ್ಬರ ಎಣಿಕೆ ಇನ್ನೊಬ್ಬರಿಗೆ ಹೇಳುವುದಿಲ್ಲ. ಇನ್ನೂ ಹನ್ನೊಂದು ಪಟ್ಟಿ ಬಾಕಿಯಿವೆ.